ನೀರು ಬರ್ತಾವ್ರಿ

ಮನೆಯಲ್ಲಿ ಬಚ್ಚಲ ನಲ್ಲಿ ತೊಟ್ಟಿಕ್ಕಿದರೆ ರಂಪ ಮಾಡುವ ಗಂಡಸು, ಊರೂರಿನ ಕೊಂಪೆಗಳಲ್ಲಿ ಮಲಗಿ ಬಂದು ಅದನ್ನು ಮದುವೆ ಊಟದ ಹಾಗೆ ವರ್ಣಿಸುತ್ತಾನೆ ಎಂದು ನನ್ನ ಹೆಂಡತಿಯ ದೂರು. ದೂರಿನಲ್ಲಿ ಹುರುಳಿದೆ. ಬ್ಯಾಂಕಿನ ನೌಕರಿಯಲ್ಲಿ ಹನ್ನೊಂದು ವರ್ಷ ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಬರೆದ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಸುಬು, ತಿಂಗಳಿಗೆ ಇಪ್ಪತ್ತು ದಿನ ಪರಊರು. ಎಷ್ಟು ಕೋಣೆಗಳಲ್ಲಿ ಮಲಗಿದ್ದೇನೋ ನನಗೇ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೆ ಎದುರಿಗೆ ಬರುವುದು ಮಾತ್ರ ಒಂದೇ ಕೋಣೆ: ರಾಯಚೂರಿನದು, ನಂಬರ್ 9.

ಇನ್‌ಸ್ಪೆಕ್ಟರುಗಳಿಗೆ ಸಾಮಾನ್ಯವಾಗಿ ರೂಮು ಹುಡುಕುವ ತಾಪತ್ರಯವಿರುವುದಿಲ್ಲ. ಬರುತ್ತೇವೆಂದು ತಿಳಿದ ಕೂಡಲೇ ಶಾಖೆಯ ಮ್ಯಾನೇಜರು ಊರಿನ ಒಳ್ಳೆಯ ಲಾಡ್ಜಿನಲ್ಲಿ ರೂಮು ಹಿಡಿಸಿ, ಬಸ್ ಸ್ಟ್ಯಾಂಡಿಗೆ ಜವಾನನನ್ನು ಕಳಿಸಿ, ಬೀಗರಿಗೆ ಮಾಡಿದಂತೆ ಉಪಚಾರ ಮಾಡುತ್ತಾರೆ. ಆದರೆ ವರ್ಷಕ್ಕೆ ಒಂದೆರಡು ಸಲ ಹೇಳದೆ ಕೇಳದೆ ಹೋಗಬೇಕಾಗುತ್ತದೆ. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಪ್ರತ್ಯಕ್ಷರಾಗಿ ಕ್ಯಾಶ್ ಎಣಿಸುವುದು, ಬಂಗಾರದ ಸಾಲದ ಪೊಟ್ಟಣ ಬಿಚ್ಚಿ ತೂಗಿಸುವುದು, ಇದೆಲ್ಲ ಸರ್‌ಪ್ರೈಸ್ ಇನ್‌ಸ್ಪೆಕ್ಷನ್. ಅಲ್ಲಿ ಗುಟ್ಟೇ ಮುಖ್ಯ. ರೂಮು ಹಿಡಿದುಕೊಡಿ ಎಂದು ಯಾರನ್ನೂ ಕೇಳುವ ಹಾಗಿಲ್ಲ.

ಹಾಗೆ 2004ರ ಮೇ ತಿಂಗಳಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ, ಬಳ್ಳಾರಿ ಕಡೆಯಿಂದ ಸಿಂಧನೂರು, ಮಾನ್ವಿ ದಾಟಿ ಬಂದ ಬಸ್ಸಿನಿಂದ ರಾಯಚೂರಿನಲ್ಲಿ ಇಳಿದೆ. ಮದುವೆಯ ಸೀಸನ್ನು. ಮೊದಲನೆಯ ಲಾಡ್ಜಿನಲ್ಲಿ ಗಂಡಿನ ಕಡೆಯವರು, ಎರಡನೆಯದರಲ್ಲಿ ಹೆಣ್ಣಿನ ಕಡೆಯವರು, ಮೂರನೆಯದರಲ್ಲಿ ಬ್ಯಾಂಡ್ ಸೆಟ್ಟಿನವರು. ನಾಲ್ಕನೆಯದರ ಬೋರ್ಡಿನ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಲ್ಲಿ ರೂಮು ಖಾಲಿಯಿತ್ತು. ಮದುವೆಯ ಸೀಸನ್ನಿನಲ್ಲೂ ಖಾಲಿಯಿದೆ ಎಂದರೆ ಏನೋ ಇರಬೇಕು ಎಂದು ಇನ್‌ಸ್ಪೆಕ್ಟರಾದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾಡಿಗೆ ತೊಂಬತ್ತು ರೂಪಾಯಿ ಎಂದಾಗಲೂ ಹೊಳೆಯಲಿಲ್ಲ.

ನಮ್ಮಲ್ಲಿ ಹೋಟೆಲು ಅಂದರೆ ಇಡ್ಲಿ, ವಡೆ, ಕಾಫಿ. ಮಲಗುವ ಜಾಗ ಲಾಡ್ಜು, ಉತ್ತರದ ಕಡೆ ‘ಲಾಡ್ಜಿಂಗು’. ಅಮೆರಿಕದವರಿಗೆ ಮೂರನೆಯದೊಂದಿದೆ, ಮೊಟೆಲ್. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಎಂಬ ಊರಿನಲ್ಲಿ ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿ, ಕಾರಿನಲ್ಲಿ ಬರುವವರಿಗೆಂದು ವಸತಿಯೊಂದನ್ನು ಕಟ್ಟಿಸಿದ. ‘ಮೋಟರ್ ಹೋಟೆಲ್’ ಎಂದು ಬರೆಸಲು ಹೋದರೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲವಂತೆ, ಎರಡನ್ನೂ ಹಿಸುಕಿ ಮೊಟೆಲ್ ಮಾಡಿದನಂತೆ. ಮೊಟೆಲಿನ ಲಕ್ಷಣವೇನೆಂದರೆ ಕೋಣೆಯ ಬಾಗಿಲಿಗೇ ಗಾಡಿ ತಂದು ನಿಲ್ಲಿಸಬಹುದು. ಆ ಲೆಕ್ಕದಲ್ಲಿ ನನ್ನ ನಂಬರ್ 9 ಮೊಟೆಲಿಗಿಂತ ಒಂದು ಕೈ ಮೇಲು. ಕಿಟಕಿಯ ಕೆಳಗೇ ಬಸ್ಸುಗಳು ನಿಂತು, ಹೊರಡುವ ಹದಿನೈದು ನಿಮಿಷ ಮುಂಚಿನಿಂದ ಗುರುಗುಟ್ಟುತ್ತಿದ್ದವು. ‘ಲಿಂಗಸೂಗೂರ್, ಲಿಂಗಸೂಗೂರ್’ ಎಂದು ಕಂಡಕ್ಟರು ಕೂಗಿದರೆ, ಮಂಚದ ಮೇಲೆ ಮಲಗಿದವನಿಗೆ ತನ್ನನ್ನೇ ಕರೆದ ಹಾಗೆ ಕೇಳುತ್ತಿತ್ತು.

ನಮ್ಮ ತಂದೆಯವರ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ಬೆಂಗಳೂರಿಗೆ ಹೋದರೆ ರೈಲ್ವೆ ಸ್ಟೇಷನ್ನಿನ ಹತ್ತಿರ ಗುಬ್ಬಿ ತೋಟದಪ್ಪನವರು 1903ರಲ್ಲಿ ಕಟ್ಟಿಸಿದ ಛತ್ರವಿತ್ತು. ಛತ್ರಕ್ಕೆ ಹೋಗುವವರು ಹೋಲ್ಡಾಲಿನಲ್ಲಿ ಹಾಸಿಗೆ ಸುತ್ತಿಕೊಂಡೇ ಹೋಗುತ್ತಿದ್ದರು. ಚಾಪೆ, ಜಮಖಾನ, ದಿಂಬು, ಹಿತ್ತಾಳೆ ಚೊಂಬು, ಎಲ್ಲ ಅದರೊಳಗೆ. ಪರರ ಹಾಸಿಗೆಯಲ್ಲಿ ಮಲಗುವುದೆಂದರೆ ಅವರಿಗೆ ಪರರ ಎಂಜಲು ತಿಂದಷ್ಟೇ ಹೇಸಿಗೆ. ಆಗ ನಾವು ನಗುತ್ತಿದ್ದೆವು. ಅವರು ಎಷ್ಟು ಸರಿ ಎಂದು ಗೊತ್ತಾಗಲು ನಾನು ರಾಯಚೂರಿಗೆ ಹೋಗಬೇಕಾಯಿತು.

ಕೌಂಟರಿನಲ್ಲಿ ಕೂತಿದ್ದ ಮ್ಯಾನೇಜರು ರಿಜಿಸ್ಟರು ತಿರುಗಿಸಿ ನನ್ನ ಮುಂದೆ ತಳ್ಳಿದರು. ಲಾಡ್ಜಿನ ರಿಜಿಸ್ಟರು ಓದಿದ್ದೀರಾ? ಪುರುಸೊತ್ತಿದ್ದರೆ ಓದಬೇಕು. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಕಾರಣ. ಪೊಲೀಸರು ಎಂದಾದರೂ ಬಂದು ನೋಡುತ್ತಾರೆಂಬ ಭಯಕ್ಕೆ ಇಟ್ಟ ಪುಸ್ತಕವಾದ್ದರಿಂದ ಅದರಲ್ಲಿರುವಷ್ಟು ಕಲ್ಪನೆ ಕಾದಂಬರಿಗಳಲ್ಲೂ ಇರುವುದಿಲ್ಲ. ನನ್ನ ಮೇಲಿನ ಏಳು ಜನವೂ ಕಾರಣದ ಕಾಲಮ್ಮಿನಲ್ಲಿ ‘ಬಿಜಿನೆಸ್’ ಎಂದು ಬರೆದಿದ್ದರು. ನಾನು ಗುಟ್ಟು ಕಾಯಬೇಕಾದವನು, ‘ಖಾಸಗಿ’ ಎಂದು ಬರೆದೆ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಹುಟ್ಟುಗುಣ ಬಿಡಬೇಕಲ್ಲ. “ಸಾರ್, ಕ್ರಮಸಂಖ್ಯೆ 214 ಎರಡು ಸಲ ಬಂದಿದೆ ನೋಡಿ” ಎಂದುಬಿಟ್ಟೆ. ಮ್ಯಾನೇಜರು ರಿಜಿಸ್ಟರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆ ನೋಟದ ಅರ್ಥ ಮಾರನೆಯ ದಿನ ತಿಳಿಯಿತು.

“ಏ ಹುಡುಗಾ!” ಎಂದು ಅವರು ಕೂಗಿದಾಗ ಮೆಟ್ಟಿಲ ಕೆಳಗಿನಿಂದ ಎದ್ದು ಬಂದವರಿಗೆ ಅರವತ್ತೈದಕ್ಕೆ ಕಮ್ಮಿಯಿಲ್ಲ. ರೂಮ್ ಬಾಯ್ ಅಂತೆ. ಬಾಯ್ ಆಗಿಯೇ ಸೇರಿದವರು, ಹುದ್ದೆ ಬದಲಾಗಿಲ್ಲ, ಅಷ್ಟೆ. ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದರು. ನಮ್ಮ ತುಮಕೂರು ಕಡೆಯ ಅಭ್ಯಾಸದಂತೆ “ಯಜಮಾನ್ರೇ, ನೀರಿದೆಯಾ?” ಎಂದು ಕೇಳಿದೆ. ಯಜಮಾನ ಎಂದದ್ದಕ್ಕೆ ಅವರಿಗೆ ನಗು ಬಂತು. ಉತ್ತರ ಕೊಟ್ಟಿದ್ದು ಕೌಂಟರಿನ ಮ್ಯಾನೇಜರು:

“ನೀರು ಬರ್ತಾವ್ರಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ನೀರು ‘ಬರುತ್ತೆ’. ಏಕವಚನ. ಆ ಕಡೆ ನೀರು ‘ಬರ್ತಾವ’, ‘ಹೋದ್ವು’, ‘ಅದಾವ’. ಯಾವಾಗಲೂ ಬಹುವಚನ. ಮೊದಮೊದಲು ನನಗೂ ನಗು ಬರುತ್ತಿತ್ತು. ಆಮೇಲೆ ಸಂಸ್ಕೃತ ಬಲ್ಲ ಸಹೋದ್ಯೋಗಿಯೊಬ್ಬರು ಹೇಳಿದರು, ಸಂಸ್ಕೃತದಲ್ಲೂ ‘ಆಪಃ’ ನಿತ್ಯ ಬಹುವಚನವೇ, ನಗಬೇಡ ಎಂದು. ಅಂದಿನಿಂದ ರಾಯಚೂರಿನ ವ್ಯಾಕರಣದ ಬಗ್ಗೆ ನನಗೆ ಗೌರವವಿದೆ. ತೊಂದರೆಯಿದ್ದದ್ದು ವ್ಯಾಕರಣದಲ್ಲಲ್ಲ, ನಲ್ಲಿಯಲ್ಲಿ. ಬಹುವಚನದಲ್ಲಿ ಬರಬೇಕಾದದ್ದು ಅಂದು ಏಕವಚನದಲ್ಲೂ ಬರಲಿಲ್ಲ.

ನಂಬರ್ 9 ಹೇಗಿತ್ತೆಂದರೆ, ಬಾಗಿಲು ಪೂರ್ತಿ ತೆಗೆಯಬೇಕಾದರೆ ಮಂಚವನ್ನು ಅತ್ತ ಸರಿಸಬೇಕು, ಬಚ್ಚಲಿಗೆ ಹೋಗಬೇಕಾದರೆ ಇತ್ತ ಸರಿಸಬೇಕು. ಗೋಡೆಗೆ ಒಂದು ಕಾಲಕ್ಕೆ ನೀಲಿ ಬಣ್ಣ ಬಳಿದಿದ್ದರು. ತಲೆ ಒರಗುವ ಜಾಗದಲ್ಲಿ ತಟ್ಟೆಯಗಲ ಎಣ್ಣೆಯ ಕಲೆ. ಎಷ್ಟು ತಲೆಗಳು ಸೇರಿ ಅದನ್ನು ಬರೆದಿದ್ದವೋ. ಕನ್ನಡಿಯ ಮೂಲೆಯಲ್ಲಿ ಹೆಣ್ಣುಮಕ್ಕಳ ಅಂಟುಬಿಂದಿ ಐದು, ಬೇರೆಬೇರೆ ಸೈಜಿನವು. ಫ್ಯಾನಿನ ರೆಗ್ಯುಲೇಟರಿಗೆ ಗುಂಡಿಯಿರಲಿಲ್ಲ, ಬರೀ ಕಡ್ಡಿಯಿತ್ತು. ಅದನ್ನು ತಿರುಗಿಸಲು ಒಂದು ಬಟ್ಟೆ ಒಣಹಾಕುವ ಕ್ಲಿಪ್ಪನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿದ್ದರು. ಮಲಗಿ ನೋಡಿದೆ. ಹಾಸಿಗೆಯಲ್ಲಿ ತೆಂಗಿನ ನಾರು ಗಂಟುಗಂಟಾಗಿ ಬೆನ್ನಿಗೆ ಒತ್ತುತ್ತಿತ್ತು. ರಾಯಚೂರು ಹತ್ತಿಯ ಊರು, ಸೀಸನ್ನಿನಲ್ಲಿ ಮಾರ್ಕೆಟ್ ಯಾರ್ಡಿನ ಕಡೆ ಹೋದರೆ ಗಾಳಿಯಲ್ಲೆಲ್ಲ ಹತ್ತಿಯ ಎಳೆ ತೇಲುತ್ತಿರುತ್ತದೆ. ಅಂಥ ಊರಿನ ಹಾಸಿಗೆಯಲ್ಲಿ ಹತ್ತಿಯಿಲ್ಲ.

ಇದು ಬರೀ ಹತ್ತಿಯ ಕತೆಯಲ್ಲ. ರಾಯಚೂರು ಸೀಮೆಗೆ ಎಡೆದೊರೆ ನಾಡು ಎಂದು ಹಳೆಯ ಹೆಸರು, ಎರಡು ಹೊಳೆಗಳ ನಡುವಿನ ನಾಡು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಮಧ್ಯದಲ್ಲಿ ನಾನು ಒಣಗಿದ ಬಕೆಟ್ಟಿನ ಮುಂದೆ ಕೂತಿದ್ದೆ. ರೂಮ್ ಬಾಯ್ ಅಜ್ಜನನ್ನು ಕೂಗಿ, ಎಲ್ಲಿಂದಾದರೂ ಒಂದು ಬಕೆಟ್ ತರಲಾಗುತ್ತದೆಯೇ ಎಂದು ಕೇಳಿದೆ. ತಂದರು. ಐದು ರೂಪಾಯಿ. ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ. ಬಣ್ಣ ನೋಡಿ ಮುಖ ಮಾತ್ರ ತೊಳೆದುಕೊಂಡೆ.

ಹನ್ನೊಂದೂವರೆಗೆ ಕರೆಂಟು ಹೋಯಿತು. ಫ್ಯಾನು ಕೊನೆಯ ಸುತ್ತು ಸುತ್ತಿ ನಿಂತಿತು. ಗೋಡೆಗಳು ಹಗಲೆಲ್ಲ ಕುಡಿದಿಟ್ಟಿದ್ದ ಬಿಸಿಲನ್ನು ಒಂದೊಂದಾಗಿ ಕಕ್ಕಲು ಶುರುಮಾಡಿದವು. ಅದೇ ಹೊತ್ತಿಗೆ ಎಡಗಡೆ ಸೊಂಟದ ಹತ್ತಿರ ಚುರ್ ಎಂದಿತು. ಬಲಗಡೆ ಮತ್ತೊಂದು. ಕುತ್ತಿಗೆಯಲ್ಲಿ ಮೂರನೆಯದು. ಟಾರ್ಚು ಹಾಕಿ ನೋಡಿದರೆ ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಮೆರವಣಿಗೆ ಹೊರಟಿತ್ತು. ತಿಗಣೆ! ಈ ಪ್ರಾಣಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನಾವು ಬಿಡುವ ಉಸಿರು, ನಮ್ಮ ಮೈಯ ಕಾವು ಹಿಡಿದು ಹುಡುಕಿಕೊಂಡು ಬರುತ್ತದೆ. ಖಾಲಿ ಬಿದ್ದಿದ್ದ ನಂಬರ್ 9ರಲ್ಲಿ ಅವು ಎಷ್ಟು ದಿನದಿಂದ ಕಾದಿದ್ದವೋ ಪಾಪ. ಅವುಗಳ ಮಟ್ಟಿಗೂ ಅದು ಸರ್‌ಪ್ರೈಸ್ ಇನ್‌ಸ್ಪೆಕ್ಷನ್ನೇ.

ಬಾಗಿಲು ತೆರೆದು ವರಾಂಡಕ್ಕೆ ಓಡಿ ಬಂದೆ. ಅಜ್ಜ ಕತ್ತಲಲ್ಲೇ ಕೂತಿದ್ದರು, ನನ್ನನ್ನೇ ಕಾಯುತ್ತಿದ್ದವರಂತೆ.

“ತಗಣಿ ಕಡದಾವೇನ್ರಿ?”

ನೀರೂ ಬಹುವಚನ, ತಗಣಿಯೂ ಬಹುವಚನ. ಎರಡನೆಯವು ಮಾತಿಗೆ ತಪ್ಪದೆ ಬಂದಿದ್ದವು.

“ಮಾಳಿಗಿ ಮ್ಯಾಲೆ ಬರ್ರಿ ಸಾಹೇಬ್ರ. ಗಾಳಿ ಐತಿ. ಅಲ್ಲೇ ಮಕ್ಕೋರಿ.”

ಮಾಳಿಗೆಯ ಮೇಲೆ ಆಗಲೇ ಇಡೀ ಲಾಡ್ಜು ಮಲಗಿತ್ತು. ಬೀಜದ ಕಂಪನಿಯ ಸೇಲ್ಸಿನವನೊಬ್ಬ ಸ್ಯಾಂಪಲ್ ಬ್ಯಾಗನ್ನೇ ದಿಂಬು ಮಾಡಿಕೊಂಡಿದ್ದ. ಲಾರಿಯವರು ಇಬ್ಬರು. ಬೇರೆ ಲಾಡ್ಜಿನಲ್ಲಿ ಹಿಡಿಸದ ಬೀಗರು ಮೂವರು, ಪಂಚೆಯ ಮೇಲೆ ಬನಿಯನ್ನು. ರೂಮಿನ ಬಾಡಿಗೆ ಎಂಬುದು ಬ್ಯಾಗು ಇಡುವುದಕ್ಕೆ, ಮಲಗುವುದಕ್ಕೆ ಮಾಳಿಗೆ, ಇದು ಅಲ್ಲಿನ ಪದ್ಧತಿ ಎಂದು ಆಗ ಅರ್ಥವಾಯಿತು. ಅಜ್ಜ ಒಂದು ಚಾಪೆ ಕೊಟ್ಟರು, ಮಡಕೆಯಿಂದ ಒಂದು ಲೋಟ ನೀರು ಕೊಟ್ಟರು. ತಣ್ಣಗಿತ್ತು. ತಮ್ಮ ತಲೆಯ ಟವೆಲನ್ನು ಇನ್ನೊಂದಿಷ್ಟು ನೀರಿನಲ್ಲಿ ಅದ್ದಿ, ಹಿಂಡದೆ, ಮತ್ತೆ ಸುತ್ತಿಕೊಂಡರು.

“ಅಲ್ನೋಡ್ರಿ” ಎಂದು ಬಡಗಣದ ಆಕಾಶದಲ್ಲಿ ಮಸುಕಾಗಿ ಕಾಣುತ್ತಿದ್ದ ಬೆಳಕನ್ನು ತೋರಿಸಿದರು. ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಶಕ್ತಿನಗರ. ಕೃಷ್ಣೆಯ ನೀರು ಕುಡಿದು, ಕಲ್ಲಿದ್ದಲು ಉಂಡು ಕರೆಂಟು ಹಡೆಯುವ ಶಾಖೋತ್ಪನ್ನ ಕೇಂದ್ರ. ಮೊದಲ ಘಟಕ 1985ರಲ್ಲಿ ಶುರುವಾದದ್ದು, ಆ ಹೊತ್ತಿಗೆ ಏಳು ಘಟಕ, ಒಂದೊಂದೂ 210 ಮೆಗಾವ್ಯಾಟ್, ಒಟ್ಟು 1470. “ಕರೆಂಟ್ ಅಲ್ಲೇ ಮಾಡ್ತಾರ. ಕಡ್ಡಿ ಹಚ್ಚಿದ್ರ ಕಾಣೂವಷ್ಟು ದೂರ. ಇಲ್ಲಿಗೆ ಬರಂಗಿಲ್ಲ ನೋಡ್ರಿ.” ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ನಿಮ್ದು ಬೆಂಗಳೂರಲ್ಲೇನ್ರಿ?” ಹೌದು ಎಂದೆ. “ಹಂಗಾದ್ರ ನಿಮ್ಮನ್ಯಾಗ ಐತಿ ಬಿಡ್ರಿ ಅದು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತಪಾಸಣೆಯ ವರದಿಯಲ್ಲಿ ನಾನು ಬರೆಯುವ ವಾಕ್ಯಗಳಿಗಿಂತ ಚಿಕ್ಕದಾಗಿತ್ತು, ಚೊಕ್ಕವಾಗಿಯೂ ಇತ್ತು. ನನಗೆ ಮಾತು ಹೊರಡದೆ ಕೋಟೆಯ ಕಡೆ ತಿರುಗಿದೆ.

ರಾಯಚೂರಿನ ಕೋಟೆಗೆ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಬೆಳುದಿಂಗಳಿನಲ್ಲಿ ಅದರ ಬೆಟ್ಟ ಕರಿಯ ಎಮ್ಮೆ ಮಲಗಿದಂತೆ ಕಾಣುತ್ತಿತ್ತು. ಕಾಕತೀಯರ ಕಾಲದ, 1294ರ ಶಾಸನವಿರುವ ಕಲ್ಲೊಂದು ಆ ಕೋಟೆಯ ಗೋಡೆಯಲ್ಲಿದೆ. ಒಂದೇ ಕಲ್ಲು, ನಲವತ್ತು ಅಡಿ ಮೀರಿದ ಉದ್ದ. ಅಷ್ಟು ದೊಡ್ಡದನ್ನು ಹೇಗೆ ತಂದಿರಿ ಎಂದು ಯಾರಾದರೂ ಕೇಳಿಯಾರೆಂದು, ಕೋಣಗಳ ಸಾಲು ಕಟ್ಟಿ ಬಂಡಿಯಲ್ಲಿ ಅದನ್ನು ಎಳೆತರುವ ಚಿತ್ರವನ್ನೂ ಅಲ್ಲೇ ಗೀರಿಟ್ಟಿದ್ದಾರೆ. ಸಾಗಣೆ ವೆಚ್ಚಕ್ಕೆ ಇದಕ್ಕಿಂತ ಗಟ್ಟಿಯಾದ ವೋಚರನ್ನು ನನ್ನ ಸರ್ವಿಸ್ಸಿನಲ್ಲಿ ನಾನು ಕಂಡಿಲ್ಲ. ಇದೇ ಕೋಟೆಗಾಗಿ ಕೃಷ್ಣದೇವರಾಯ 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ಮೇಲೆ ಯುದ್ಧ ಮಾಡಿದ. ಅದೂ ಮೇ ತಿಂಗಳೇ. ಪೋರ್ಚುಗೀಸ ನ್ಯೂನಿಜ್ ಆ ದಂಡಯಾತ್ರೆಯ ವಿವರ ಬರೆದಿಟ್ಟಿದ್ದಾನೆ. ದಂಡಿನ ದಾರಿಯಲ್ಲಿ ಯಾರೂ ಬಾಯಾರಿ ಸಾಯಬಾರದೆಂದು ತೊಗಲ ಚೀಲದಲ್ಲಿ ನೀರು ಹೊತ್ತ ಹನ್ನೆರಡು ಸಾವಿರ ಜನರನ್ನು ರಾಯ ನಿಲ್ಲಿಸಿದ್ದನಂತೆ. ಹನ್ನೆರಡು ಸಾವಿರ! ನನಗೆ ಸಿಕ್ಕಿದ್ದು ಒಬ್ಬರು. ಆದರೂ ನನ್ನ ಹಂತಕ್ಕೆ ಅದು ಕಮ್ಮಿಯೇನಲ್ಲ. ಬ್ಯಾಂಕಿನಲ್ಲಿ ನಾನು ಸ್ಕೇಲ್ ಎರಡರ ಅಧಿಕಾರಿ, ರಾಯನಲ್ಲ.

ಯಾವಾಗ ನಿದ್ದೆ ಬಂತೋ. ಬೆಳಗಿನ ಜಾವ ನಾಲ್ಕೂಕಾಲಿಗೆ ಕಟ್ಟಡದ ಹೊಟ್ಟೆಯೊಳಗೆ ಯಾರೋ ಕೆಮ್ಮಿದಂತಾಯಿತು. ಪೈಪುಗಳು ಗೊರಗೊರ ಎಂದವು, ಸೀನಿದವು. ಅಜ್ಜ ಆಗಲೇ ಮೆಟ್ಟಿಲಿಳಿದು ಬಾಗಿಲು ಬಾಗಿಲಿಗೂ ಅಂಗೈಯಿಂದ ಬಡಿಯುತ್ತ ಹೋಗುತ್ತಿದ್ದರು. “ನೀರು ಬಂದಾವ್ರಿ! ನೀರು ಬಂದಾವ್ರಿ!” ಹೆಣ್ಣು ಹೆತ್ತ ಮನೆಯವರು ದಿಬ್ಬಣ ಬಂದಾಗ ಕೂಗುವ ಸಂಭ್ರಮ ಅದರಲ್ಲಿತ್ತು. ಮಾಳಿಗೆಯ ಮೇಲಿನವರೆಲ್ಲ ಎದ್ದು ಓಡಿದೆವು. ಲಾರಿಯವರು, ಬೀಗರು, ಬೀಜದವನು, ನಾನು, ಎಲ್ಲರೂ ಬಕೆಟ್ಟು ಹಿಡಿದು ನಿಂತೆವು. ನಲವತ್ತು ನಿಮಿಷ ಬಂದವು, ನಿಂತವು. ನಾನು ಎರಡು ಬಕೆಟ್ ತುಂಬ ಮಿಂದೆ. ಮೇ ತಿಂಗಳ ರಾಯಚೂರಿನಲ್ಲಿ ಗೀಸರು ಬೇಕಿಲ್ಲ, ಪೈಪಿನಲ್ಲೇ ಕಾದು ಬರುತ್ತವೆ. ನೋಡಿ, ನನಗೂ ಬಹುವಚನ ಅಂಟಿಕೊಂಡಿತು.

ಆರೂವರೆಗೆ ಕೌಂಟರಿಗೆ ಪಿಗ್ಮಿಯವನು ಬಂದ. ಈ ಪಿಗ್ಮಿ ನಮ್ಮ ಕರಾವಳಿಯವರ ಉಪಾಯ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರುಮಾಡಿದ್ದು, ಆಮೇಲೆ ಬೇರೆ ಬ್ಯಾಂಕುಗಳೂ ಹಿಡಿದುಕೊಂಡವು. ಏಜೆಂಟು ದಿನವೂ ಅಂಗಡಿ, ಗೂಡಂಗಡಿ ತಿರುಗಿ ಎರಡೋ ಐದೋ ರೂಪಾಯಿ ವಸೂಲು ಮಾಡಿ ಖಾತೆಗೆ ಕಟ್ಟುತ್ತಾನೆ. ಇವನ ಬಗಲಲ್ಲಿದ್ದ ಚೀಲದ ಮೇಲೆ ನಮ್ಮ ಬ್ಯಾಂಕಿನ ಮುದ್ರೆ ನೋಡಿ ನನ್ನ ಎದೆ ಧಸಕ್ಕೆಂದಿತು. ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಜ್ಜ ಬನಿಯನ್ನಿನ ಕಿಸೆಯಿಂದ ಐದು ರೂಪಾಯಿಯ ನೋಟು ತೆಗೆದು ಅವನಿಗೆ ಕೊಟ್ಟು, ಚೀಟಿ ಇಸಿದುಕೊಂಡರು. ನೋಟಿಗೆ ಒಂದು ಮೂಲೆ ಹರಿದಿತ್ತು. ರಾತ್ರಿ ನಾನೇ ಕೊಟ್ಟಿದ್ದ ನೋಟು. ಮ್ಯಾನೇಜರು ಏಜೆಂಟನ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ರಿಜಿಸ್ಟರಿನ ಕ್ರಮಸಂಖ್ಯೆ 214ರ ಕಡೆ ನೋಡಿ, ಆಮೇಲೆ ನನ್ನ ಬೆನ್ನಿನ ಕಡೆ ನೋಡಿದರು.

ಎಂಟು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ನಮ್ಮ ಶಾಖೆಯ ಮ್ಯಾನೇಜರು! ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಫ್ಲಾಸ್ಕು, ಹಿಂದೆ ಜವಾನನ ಕೈಯಲ್ಲಿ ಪೇಪರಿನಲ್ಲಿ ಕಟ್ಟಿಸಿದ ಮಂಡಾಳ ಒಗ್ಗರಣಿ, ಬಿಸಿಬಿಸಿ ಮಿರ್ಚಿ. “ಏನ್ ಸರ್, ಹೇಳಬಾರದಾ? ಇಂಥಲ್ಲಿ ಬಂದು ಇಳಿದೀರಲ್ರಿ” ಎಂದು ನೊಂದುಕೊಂಡರು. ನನಗೆ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಮಿರ್ಚಿ ತಿಂದೆ. ಚೆನ್ನಾಗಿತ್ತು. ಅಂದಿನ ಕ್ಯಾಶು ಪೈಸೆ ಹೆಚ್ಚುಕಮ್ಮಿಯಿಲ್ಲದೆ ತಾಳೆಯಾಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಲಾಡ್ಜು ಬಿಡುವಾಗ ಕೌಂಟರಿನಲ್ಲಿ ಆ ಪುರಾತನ ಪ್ರಶ್ನೆ ಬಂತು. ನೌಕರಿಯ ಮೇಲೆ ಊರು ಸುತ್ತಿದವರಿಗೆಲ್ಲ ಅದು ಗೊತ್ತು.

“ಬಿಲ್ಲು ಎಷ್ಟಕ್ಕ ಬರೀಲ್ರಿ?”

ನನಗೆ ದಿನಕ್ಕೆ ಮುನ್ನೂರರವರೆಗೆ ಕೋಣೆ ಬಾಡಿಗೆ ಸಿಗುತ್ತಿತ್ತು. “ಎಷ್ಟಾಗಿದೆಯೋ ಅಷ್ಟಕ್ಕೇ ಬರೀರಿ. ತೊಂಬತ್ತು. ಬಕೆಟ್ ನೀರಿನ ಐದು ರೂಪಾಯಿ ಕೆಳಗೆ ಬೇರೆ ಹಾಕಿ” ಎಂದೆ. ಮ್ಯಾನೇಜರು ಪೆನ್ನು ಎತ್ತಿ ಹಿಡಿದು, “ಅಷ್ಟಕ್ಕೇನ್ರಿ?” ಎಂದು ಇನ್ನೊಮ್ಮೆ ಕೇಳಿದರು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂಬ ಮರುಕ ಆ ಪ್ರಶ್ನೆಯಲ್ಲಿತ್ತು.

ಬೆಂಗಳೂರಿಗೆ ಬಂದು ಟಿ.ಎ. ಬಿಲ್ಲು ಹಾಕಿದೆ. ಒಂದು ತಿಂಗಳಾದ ಮೇಲೆ ಆಕ್ಷೇಪಣೆಯ ಮೆಮೊ ಬಂತು. ಹನ್ನೊಂದು ವರ್ಷ ನಾನು ಬರೆದ ಧಾಟಿಯಲ್ಲೇ ಯಾರೋ ನನಗೆ ಬರೆದಿದ್ದರು. ಜಿಲ್ಲಾ ಕೇಂದ್ರದಲ್ಲಿ ಇಷ್ಟು ಕಡಿಮೆ ದರಕ್ಕೆ ಕೋಣೆ ದೊರೆಯುವುದು ಸಂದೇಹಾಸ್ಪದ, ಸದರಿ ರಾತ್ರಿ ವಾಸ್ತವ್ಯ ಹೂಡಿದ್ದಕ್ಕೆ ವಿವರಣೆ ನೀಡತಕ್ಕದ್ದು. ತಿಗಣೆ ಕಚ್ಚಿದ ಗುರುತು ಅಷ್ಟರಲ್ಲಿ ಮಾಯವಾಗಿತ್ತು, ಇಲ್ಲದಿದ್ದರೆ ದಾಖಲೆಯಾಗಿ ಲಗತ್ತಿಸುತ್ತಿದ್ದೆ. ಒಂದೂವರೆ ಪುಟ ವಿವರಣೆ ಬರೆದೆ. ಐದು ತಿಂಗಳಿಗೆ ಬಿಲ್ಲು ಪಾಸಾಯಿತು. ತೊಂಬತ್ತು ರೂಪಾಯಿ ಮಂಜೂರು, ನೀರಿನ ಐದು ರೂಪಾಯಿ ಕಡಿತ. ನಿಯಮಾವಳಿಯಲ್ಲಿ ಕೋಣೆಯಿದೆ, ನೀರಿಲ್ಲ. ಆ ಐದು ರೂಪಾಯಿ ಆ ಬೆಳಗ್ಗೆ ಆರೂವರೆಗೇ ನಮ್ಮ ಬ್ಯಾಂಕಿನ ರಾಯಚೂರು ಶಾಖೆಯಲ್ಲಿ, ಅಜ್ಜನ ಪಿಗ್ಮಿ ಖಾತೆಗೆ ಜಮಾ ಆಗಿತ್ತು.